ಗೇಮಿನ ಡಬ್ಬಿ ಬರುವವರೆಗೆ

ನಮ್ಮ ಪಕ್ಕದ ಮನೆಯ ಚೆನ್ನರಾಯಪ್ಪನವರು ಮೂವತ್ತು ವರ್ಷ ಗೌರಿಬಿದನೂರು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು, ಬಾರದ ಬಸ್ಸುಗಳ ಬಗ್ಗೆ ಜನರಿಗೆ ಸಮಾಧಾನ ಹೇಳಿ ನಿವೃತ್ತರಾದವರು. ಅಂಥವರಿಗೂ ಅಳಿಯನ ಮೊದಲ ದೀಪಾವಳಿ ನೀರು ಕುಡಿಸಿತು.

ಉಡುಗೊರೆ ಏನು ಬೇಕೆಂದು ಕೇಳಿದ್ದೇ ತಪ್ಪಾಯಿತು. ಅಳಿಯ ಕೆಂಪರಾಜು ಮಂಚೇನಹಳ್ಳಿಯ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು. ಮಕ್ಕಳನ್ನು ಬಿಸಿಲಲ್ಲಿ ಓಡಿಸಿ, ತಾನು ಮಾತ್ರ ಟೀವಿ ಮುಂದೆ ಕೂತು ಬೆರಳಲ್ಲೇ ಫುಟ್‌ಬಾಲ್ ಆಡುವ ಆಸಾಮಿ. "ಹೊಸ ಗೇಮ್ ಕನ್ಸೋಲ್ ಬರ್ತದಂತೆ ಮಾವ, ಟೀವಿಗೆ ಹಾಕಿ ಆಡೋ ಡಬ್ಬಿ, ಅದೊಂದು ಸಾಕು" ಎಂದು ನಾಚಿಕೊಂಡೇ ಹೇಳಿದ.

ಹಬ್ಬ ಬಂತು, ಕನ್ಸೋಲ್ ಬರಲಿಲ್ಲ. ಹೊರಡಲು ಬ್ಯಾಗು ಎತ್ತಿದ ಅಳಿಯನನ್ನು ಅತ್ತೆ ಆದಿಲಕ್ಷ್ಮಮ್ಮ ಬಾಗಿಲಲ್ಲೇ ತಡೆದರು.

"ಮೊದಲ್ನೇ ಹಬ್ಬಕ್ಕೆ ಬಂದ ಅಳಿಯ ಬರಿಗೈಲಿ ಹೋದ್ರೆ ಬೀಗರ ಮುಂದೆ ನಾನು ತಲೆ ಎತ್ತೋದು ಹೆಂಗೆ? ಅದು ಬರೋವರ್ಗೂ ಇಲ್ಲೇ ಇರಿ. ಸ್ಕೂಲಿಗೆ ಇಲ್ಲಿಂದ್ಲೇ ಬಸ್ಸಿದೆ."

ತವರಲ್ಲಿ ಕೂತು ಉಣ್ಣುವ ಭಾಗ್ಯ ಸಿಕ್ಕ ಮಗಳು ಕಲ್ಯಾಣಿ ಗಂಡನ ಕೈಯಿಂದ ಬ್ಯಾಗು ತೆಗೆದು ಒಳಗಿಟ್ಟಳು.

ಚೆನ್ನರಾಯಪ್ಪನವರ ಗ್ರಹಚಾರ ಅಲ್ಲಿಂದ ಶುರು. ಮೊದಲ ದೋಸೆ ಅಳಿಯನಿಗೆ, ಒರಗು ಕುರ್ಚಿಯೂ ಅಳಿಯನಿಗೆ. ಏಳು ಗಂಟೆಗೆ ವಾರ್ತೆ ನೋಡೋಣವೆಂದರೆ ಟೀವಿಗೆ ತನ್ನ ಹಳೇ ಡಬ್ಬಿ ಸಿಕ್ಕಿಸಿ ಅಳಿಯ ಗೋಲು ಹೊಡೆಯುತ್ತಿದ್ದ. ಇವನು ಜಾಗ ಖಾಲಿ ಮಾಡಬೇಕಾದರೆ ಆ ಹಾಳು ಡಬ್ಬಿ ಬರಬೇಕು. ಅದು ಯಾವಾಗ ಬರುತ್ತದೆಂದು ತಿಳಿಯಲು ಅವರು ಮೊಬೈಲು ಹಿಡಿದರು.

ಹಿಡಿದದ್ದೇ ಹಿಡಿದದ್ದು. ವಿಡಿಯೋದಲ್ಲಿ ಒಬ್ಬ ಸಂಕ್ರಾಂತಿಗೆ ಬರುತ್ತದೆ ಅಂದರೆ ಇನ್ನೊಬ್ಬ ಯುಗಾದಿಗೆ ಅನ್ನುತ್ತಿದ್ದ. ಚಿಪ್ ಸಿಗುತ್ತಿಲ್ಲವಂತೆ, ಬಣ್ಣ ಕಪ್ಪಂತೆ, ಅಲ್ಲ, ಬಿಳಿಯಂತೆ. ಕಟಿಂಗ್ ಶಾಪಿನಲ್ಲಿ ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡು ಅವರು ಚಿಪ್ಪಿನ ಕೊರತೆ ವಿವರಿಸಿದ್ದನ್ನು ನಾನೇ ಕೇಳಿದ್ದೇನೆ.

ಒಂದು ಸಂಜೆ, ಕಂಪನಿಯಿಂದ ಸೋರಿಕೆಯಾದದ್ದೆಂದು ಹರಿದಾಡುತ್ತಿದ್ದ ಕನ್ಸೋಲಿನ ಫೋಟೋವೊಂದನ್ನು ಅಳಿಯನಿಗೆ ತೋರಿಸಿದರು. "ಇದು ಸುಳ್ಳು ಅಳಿಯಂದ್ರೇ. ಹಿಂದ್ಗಡೆ ಒಂದು ತೂತೂ ಇಲ್ಲ. ಬಿಸಿ ಗಾಳಿ ಎಲ್ಲಿಂದ ಹೋಗ್ಬೇಕು?"

ಕೆಂಪರಾಜು ಆಟ ನಿಲ್ಲಿಸಿ ಪಕ್ಕಕ್ಕೆ ಬಂದು ಕೂತ. "ಕರೆಕ್ಟ್ ಮಾವ! ನಮ್ಮ ಗ್ರೂಪಲ್ಲಿ ಯಾರ್ಗೂ ಹೊಳೀಲಿಲ್ಲ."

ಮುದುಕರು ಉಬ್ಬಿಹೋದರು. ಮೂವತ್ತು ವರ್ಷ ಜನ ಅವರನ್ನು ಬೈದಿದ್ದರೇ ಹೊರತು ಕರೆಕ್ಟ್ ಅಂದಿರಲಿಲ್ಲ. ಆಮೇಲೆ ದಿನಾ ಸಂಜೆ ಮಾವ ಅಳಿಯ ಒಂದೇ ಮೊಬೈಲಿಗೆ ತಲೆ ಹಾಕಿ ಕೂರುವುದು, ಆದಿಲಕ್ಷ್ಮಮ್ಮ ಮೂರು ಸಲ ಊಟಕ್ಕೆ ಕರೆಯುವುದು ರೂಢಿಯಾಯಿತು.

ಯುಗಾದಿ ಕಳೆದು ಒಂದು ಬೆಳಗ್ಗೆ ಕಂಪನಿಯವರೇ ಬಾಯಿ ಬಿಟ್ಟರು. ಇದೇ ಶುಕ್ರವಾರ ಕನ್ಸೋಲ್ ಅಂಗಡಿಗೆ ಬರುತ್ತದೆ. ಚೆನ್ನರಾಯಪ್ಪನವರು ಅದನ್ನು ಎರಡು ಸಲ ಓದಿದರು. ಖುಷಿಯಾಗಬೇಕಿತ್ತು, ಆಗಲಿಲ್ಲ. ಶನಿವಾರ ಅಳಿಯ ಹೊರಟುಬಿಟ್ಟರೆ ಸಂಜೆ ಮಾತಾಡುವುದು ಯಾರ ಜೊತೆ?

"ಏನ್ ಸುದ್ದಿ ಮಾವ?" ಎನ್ನುತ್ತಾ ಸಂಜೆ ಕೆಂಪರಾಜು ಒಳಗೆ ಬಂದ.

"ಎಲ್ಲಿ ಬಂತು! ಮತ್ತೆ ಮುಂದಕ್ಕೆ ಹಾಕಿದಾರಂತೆ" ಎಂದು ಅವರು ಮೊಬೈಲನ್ನು ಜೇಬಿಗೆ ತುರುಕಿದರು.

ಶುಕ್ರವಾರದ ಸುದ್ದಿಯನ್ನು ಶಾಲೆಯ ಮಕ್ಕಳು ಬೆಳಗಿನಿಂದ ಕೆಂಪರಾಜುವಿಗೆ ಹತ್ತು ಸಲ ಹೇಳಿದ್ದರು. ಅವನು ನಿಧಾನವಾಗಿ ಬೂಟು ಬಿಚ್ಚಿ, ಮಾವನ ಪಕ್ಕದಲ್ಲಿ ಕೂತ.

"ಹೌದು ಮಾವ, ನಾನೂ ಕೇಳ್ದೆ" ಅಂದ. "ದೀಪಾವಳಿಗಂತೆ."