ಒಳಗೆ ನಿನಗೆ ಯಾರಿದ್ದಾರೆ?

ಮಾಂತ್ರಿಕರ ಕಾಲೇಜಿನ ಮುಂಬಾಗಿಲು ಮಾತಾಡುತ್ತದೆ ಎಂದರೆ ಹೊಸಬರು ಕಣ್ಣರಳಿಸುತ್ತಾರೆ. ಮಾತು ಎಂದರೆ ಕಥೆ ಹೇಳುತ್ತದೆ, ಕಾಲಕ್ಷೇಪ ಮಾಡುತ್ತದೆ ಎಂದಲ್ಲ. ಅದಕ್ಕೆ ಬರುವುದು ಒಂದೇ ಪ್ರಶ್ನೆ. ಎದುರು ಯಾರೇ ನಿಲ್ಲಲಿ, ನೆಗಡಿಯಾದ ಮುದುಕನ ದನಿಯಲ್ಲಿ ಕೇಳುತ್ತದೆ: "ಒಳಗೆ ನಿನಗೆ ಯಾರಿದ್ದಾರೆ?"

"ನಮ್ಮ ತಾತ ಇದ್ದಾರೆ" ಎನ್ನುತ್ತಾನೆ ಒಬ್ಬ. ತಾತ ತೀರಿಹೋಗಿ ಯಾವ ಕಾಲವಾಯಿತೋ. ಆದರೆ ಇಲ್ಲಿ ಓದಿದವರು ಸತ್ತ ಮೇಲೆ ಅವರ ಮಂತ್ರದ ಕೋಲನ್ನು ತಂದು ಮೊಗಸಾಲೆಯ ಗೋಡೆಗೆ ತೂಗುಹಾಕುವುದು ರೂಢಿ. ಮೊಮ್ಮಗ ಹೆಸರು ಹೇಳಿದ ಕೂಡಲೇ ತಾತನ ಕೋಲು ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತದೆ, ಬಾಗಿಲು ತೆರೆಯುತ್ತದೆ. ಗೋಡೆಯ ಮೇಲೆ ಕೋಲಿಲ್ಲದ ಮನೆಯವರು "ಯಾರೂ ಇಲ್ಲ" ಎನ್ನಬೇಕು. ಆಗ ಬಾಗಿಲು "ಹಾಗಾದರೆ ಹಿಂದಿನಿಂದ ಬಾ ಮಗು" ಎನ್ನುತ್ತದೆ. ಹಿಂದೆ ಎಂದರೆ ಅಡುಗೆಮನೆ. ಬೈದು ಕಳಿಸಿದ್ದರೆ ತಿರುಗಿಸಿ ಬೈಯಬಹುದಿತ್ತು. ಇಷ್ಟು ಮರ್ಯಾದೆಯಿಂದ ಅಟ್ಟಿದರೆ ಏನು ಮಾಡುವುದು?

ಸೂಜಿ ಅಡುಗೆಮನೆ ಬಾಗಿಲಿನವಳು. ಅವಳಮ್ಮ ದರ್ಜಿ, ಕಾಲೇಜಿನ ನಿಲುವಂಗಿಗಳನ್ನೆಲ್ಲ ಹೊಲಿಯುವವಳು. ಹುಡುಗಿಗೆ ಆ ಅಡ್ಡಹೆಸರು ಬಂದದ್ದು ಅಮ್ಮನ ಕಸುಬಿನಿಂದ. ಅಂಟಿಕೊಂಡದ್ದು ಮಾತ್ರ ಅವಳ ಮೈಕಟ್ಟಿನಿಂದ ಮತ್ತು ನಾಲಿಗೆಯಿಂದ. ಅಮ್ಮ ಹೊಲಿದ ನಿಲುವಂಗಿಗಳು ಯಾರ ಯಾರದೋ ಮೈಮೇಲೆ ಮುಂಬಾಗಿಲು ದಾಟುತ್ತಿದ್ದವು. ಅಮ್ಮ ಅಳತೆ ತೆಗೆಯಲು ಬಂದಾಗಲೆಲ್ಲ ಮಸಿ ಹಿಡಿದ ಪಾತ್ರೆಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬರುತ್ತಿದ್ದಳು.

ಹಾಗೆಂದು ಪಾಠದಲ್ಲಿ ಭೇದವಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಬಕೆಟ್ಟು ತೇಲಿಸುವ ತರಗತಿಯಲ್ಲಿ ಎಲ್ಲರ ತಲೆಯ ಮೇಲೂ ಒಂದೇ ತಣ್ಣೀರು ಸುರಿಯುತ್ತಿತ್ತು. ಮೊದಲ ವರ್ಷದವರ ಮಂಚಗಳು ಬೆಳಗಾಗುವಷ್ಟರಲ್ಲಿ ಚಾವಣಿಗೆ ಅಂಟಿಕೊಂಡಿರುತ್ತಿದ್ದವು, ಮುಂಬಾಗಿಲಿನವರದೂ ಅಷ್ಟೇ, ಅಡುಗೆಮನೆಯವರದೂ ಅಷ್ಟೇ. ಭೇದ ಗೊತ್ತಾಗುತ್ತಿದ್ದುದು ಕೊನೆಯ ದಿನ. ಪದವಿಯ ಕೋಲನ್ನು ಕೊಡುವುದು ದೊಡ್ಡ ಸಭಾಂಗಣದಲ್ಲಿ, ಮುಂಬಾಗಿಲಿನಿಂದ ನಡೆದು ಬಂದವರಿಗೆ ಮಾತ್ರ. ಅಡುಗೆಮನೆಯವರಿಗೆ ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಒಂದು ಪ್ರಮಾಣಪತ್ರ ಕೊಟ್ಟು ಬೆನ್ನು ತಟ್ಟುತ್ತಿದ್ದರು. ಆಮೇಲೆ ಅದೇ ಸಭಾಂಗಣದಲ್ಲಿ ಅತಿಥಿಗಳಿಗೆ ನೀರು ಕೊಡುವ ಕೆಲಸವೂ ಅವರದೇ. ಲೋಟ ಹಿಡಿದು ಹೋಗಬಹುದು, ಕೋಲು ಹಿಡಿದು ಬರುವ ಹಾಗಿಲ್ಲ.

ಕೋಲಿಲ್ಲದವರು ಸ್ವಂತವಾಗಿ ಮಂತ್ರ ಮಾಡುವಂತಿಲ್ಲ. ಕೋಲಿದ್ದವರ ಕೈಕೆಳಗೆ ಕೈಯಾಳಾಗಿ ದುಡಿಯಬೇಕು. ಸೂಜಿಗೆ ಒಲಿದದ್ದು ಮುರಿದ ಮೂಳೆ ಕೂಡಿಸುವ ವಿದ್ಯೆ. ಕಾಲೇಜಿನ ಬೆಕ್ಕು ಮಹಡಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ಅಧ್ಯಾಪಕರು ಪುಸ್ತಕ ತಿರುವುತ್ತಿದ್ದರೆ ಇವಳು ಅದನ್ನು ಮಡಿಲಲ್ಲಿಟ್ಟುಕೊಂಡು ಕೂಡಿಸಿಬಿಟ್ಟಿದ್ದಳು. ಅಂಥವಳು ಇನ್ನೊಬ್ಬರ ಹಿಂದೆ ಪೆಟ್ಟಿಗೆ ಹೊತ್ತು ತಿರುಗುವುದೇ? ನನಗೆ ಕೋಲು ಬೇಕು ಎಂದು ಅವಳು ಮೊದಲ ದಿನವೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಅದಕ್ಕಾಗಿ ಊಟವನ್ನೂ ಮೆಟ್ಟಿಲ ಮೇಲೆ ಒಬ್ಬಳೇ ಕೂತು, ಓದುತ್ತಾ ಮಾಡುತ್ತಿದ್ದಳು. ಓದುವುದು ಒಂದು ಕಾರಣ. ಅಡುಗೆಮನೆಯ ಹುಡುಗರ ಗುಂಪಿನಲ್ಲಿ ಯಾರೂ ತನ್ನನ್ನು ಕಾಣದಿರಲಿ ಎಂಬುದು ಇನ್ನೊಂದು.

ಕೊನೆಯ ವರ್ಷ ಪ್ರಾಂಶುಪಾಲೆ ಅವಳನ್ನು ಕರೆಸಿದರು. ಒಳ್ಳೆಯ ಹೆಂಗಸು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

"ನಿನ್ನಂಥವಳು ಕೈಯಾಳಾಗಬಾರದು. ನನ್ನ ಸಾಕುಮಗಳಾಗು. ಬಾಗಿಲಲ್ಲಿ ನಮ್ಮಪ್ಪನ ಹೆಸರು ಹೇಳು, ಅವರ ಕೋಲು ಬಡಿಯುತ್ತೆ. ಹಿಂದೆಯೂ ಒಬ್ಬಿಬ್ಬರು ಹೀಗೇ ದಾಟಿದ್ದಾರೆ."

"ಅಮ್ಮ?"

"ಬಾಗಿಲಿಗೆ ಸುಳ್ಳು ನಡೆಯಲ್ಲ. ಸಾಕುಮಗಳು ಅಂದ್ರೆ ನಿಜವಾಗಿ ಆಗ್ಬೇಕು. ಆ ಮನೆ ಬಿಡಬೇಕು. ಅವರನ್ನ ಅಮ್ಮ ಅನ್ನೋ ಹಾಗಿಲ್ಲ."

ಸುಳ್ಳು ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಿಂದೊಬ್ಬ ಯಾರದೋ ತಾತನನ್ನು ತನ್ನ ತಾತ ಎಂದು ಹೇಳಿ ಬಿಕ್ಕಳಿಕೆ ಹಿಡಿಸಿಕೊಂಡಿದ್ದ. ಪ್ರತಿ ಬಿಕ್ಕಳಿಕೆಗೂ ನೆಲದಿಂದ ಮೊಳದೆತ್ತರ ಹಾರುತ್ತಿದ್ದನಂತೆ, ಪರೀಕ್ಷೆಯನ್ನೂ ಹಾರುತ್ತಲೇ ಬರೆದನಂತೆ.

ಅಮ್ಮ ವಿಷಯ ಕೇಳಿದಾಗ ಹೊಲಿಗೆ ಯಂತ್ರವನ್ನು ನಿಲ್ಲಿಸಲೂ ಇಲ್ಲ.

"ಹೇಳ್ಬಿಡೇ. ನನ್ನ ಗಂಟೇನು ಹೋಗುತ್ತೆ?"

"ನಿನ್ನ ಅಮ್ಮ ಅನ್ನೋ ಹಾಗಿಲ್ಲಂತಮ್ಮ."

ಯಂತ್ರ ನಿಂತಿತು. ಅಮ್ಮ ಬಟ್ಟೆಯನ್ನು ಸರಿಮಾಡಿಕೊಂಡಳು. "ಅಕ್ಕ ಅನ್ನು. ಯಾರೂ ಇಲ್ಲದಾಗ ಬೇಕಾದ್ರೆ ಅಮ್ಮ ಅನ್ನು. ಮೊದಲು ಕೋಲು ಕೈಗೆ ಬರಲಿ." ಯಂತ್ರ ಮತ್ತೆ ಓಡತೊಡಗಿತು.

ಸೂಜಿಗೆ ಮೈಯೆಲ್ಲ ಉರಿಯಿತು. ಪ್ರಾಂಶುಪಾಲೆಯ ಮೇಲಲ್ಲ, ಇಷ್ಟು ಸಲೀಸಾಗಿ ತನ್ನನ್ನು ತಾನೇ ಬಿಟ್ಟುಕೊಟ್ಟ ಅಮ್ಮನ ಮೇಲೆ. ಕೋಲೂ ಬೇಕು, ಅಮ್ಮನೂ ಬೇಕು, ಒಂದನ್ನೂ ಬಿಡುವುದಿಲ್ಲ ಎಂದು ಅವಳು ಆ ಯಂತ್ರದ ಸದ್ದಿನ ನಡುವೆಯೇ ತೀರ್ಮಾನಿಸಿದಳು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಗೊತ್ತಾದದ್ದು ಚರಿತ್ರೆಯ ತರಗತಿಯಲ್ಲಿ. ಚರಿತ್ರೆ ಹೇಳುತ್ತಿದ್ದವರು ಪೀಠಿಕೆ ಮೇಷ್ಟ್ರು. ಪ್ರತಿ ವರ್ಷವೂ ಕಾಲೇಜಿನ ಹುಟ್ಟಿನಿಂದ ಶುರುಮಾಡಿ, ಪೀಠಿಕೆ ಮುಗಿಯುವಷ್ಟರಲ್ಲಿ ವರ್ಷವೇ ಮುಗಿದುಹೋಗುತ್ತಿದ್ದುದರಿಂದ ಆ ಹೆಸರು. ಅರ್ಧ ತರಗತಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ಮಂತ್ರ ಹಾಕಿಕೊಂಡು ಕೂತಿರುತ್ತಿತ್ತು.

"ಮಂತ್ರ ಬಲ್ಲವರನ್ನು ಊರೂರಿಂದ ಅಟ್ಟಿಸಿಕೊಂಡು ಬರುತ್ತಿದ್ದ ಕಾಲ ಅದು" ಎಂದು ಮೇಷ್ಟ್ರು ಎಂದಿನಂತೆ ರಾಗ ಎಳೆದರು. "ಕುಂಬಾರರು, ದೋಣಿ ನಡೆಸುವವರು, ಸೂಲಗಿತ್ತಿಯರು, ಪ್ರಾಣ ಕೈಯಲ್ಲಿ ಹಿಡಿದು ಓಡಿಬಂದವರು. ಅವರ ನಡುವೆ ಬೇಹುಗಾರರು ನುಸುಳಬಾರದು ಅಂತ ಮೊದಲು ಬಾಗಿಲು ನಿಲ್ಲಿಸಿದರು. ಗೋಡೆ ಎದ್ದದ್ದು ಆಮೇಲೆ."

ಸೂಜಿ ಈ ಮಾತನ್ನು ಎಷ್ಟು ಸಲ ಕೇಳಿದ್ದಳೋ. ಆವತ್ತು ಮಾತ್ರ ಅದು ಕಿವಿಗೆ ಚುಚ್ಚಿತು. ಎದ್ದು ನಿಂತಳು.

"ಮೇಷ್ಟ್ರೇ, ಆ ಕುಂಬಾರರ ತಾತಂದಿರು ಇಲ್ಲಿ ಓದಿರಲಿಲ್ಲ. ಗೋಡೆ ಮೇಲೆ ಒಂದು ಕೋಲೂ ಇರಲಿಲ್ಲ, ಗೋಡೆಯೇ ಇರಲಿಲ್ಲ. ಅವರು ಬಾಗಿಲಿಗೆ ಏನಂತ ಉತ್ತರ ಕೊಟ್ರು?"

ನಿದ್ದೆಯ ಮಂತ್ರ ಹಾಕಿಕೊಂಡವರೆಲ್ಲ ಒಬ್ಬೊಬ್ಬರಾಗಿ ಎಚ್ಚರವಾದರು.

"ಗೊತ್ತಿಲ್ಲಮ್ಮ" ಎಂದರು ಮೇಷ್ಟ್ರು. ತಮಗೇ ಹೇಳಿಕೊಳ್ಳುವವರಂತೆ, "ಒಳಗೆ ಮೊದಲೇ ಬಂದವನೊಬ್ಬ 'ಇವನು ನಮ್ಮವನು' ಅಂತ ಬಾಗಿಲಿಗೇ ಬಡಿದಿರಬೇಕು. ಬದುಕಿರೋನು. ಬೇರೆ ಯಾರಿದ್ರು ಅವರಿಗೆ?" ಎಂದರು. ಆಮೇಲೆ ಪುಸ್ತಕ ಮುಚ್ಚಿ ಕಿಟಕಿಯ ಹೊರಗೆ ನೋಡುತ್ತಾ ನಿಂತುಬಿಟ್ಟರು. ಪಾಪ, ಇಡೀ ಜನ್ಮ ಅದೇ ಪೀಠಿಕೆ ಹೇಳಿದ ಮನುಷ್ಯ.

ಒಳಗೆ ಬದುಕಿರುವವರು ಬೇಕು. ತನ್ನನ್ನು ನಮ್ಮವಳು ಎನ್ನುವವರು ಬೇಕು. ಇಷ್ಟು ವರ್ಷ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಉಂಡವಳನ್ನು ಯಾರು ನಮ್ಮವಳು ಎಂದಾರು?

ಅಂದು ಮಧ್ಯಾಹ್ನ ಅವಳು ತಟ್ಟೆ ಹಿಡಿದು ಅಡುಗೆಮನೆಯ ಉದ್ದ ಬೆಂಚಿಗೆ ಹೋದಳು. ಅಲ್ಲಿನ ಗುಂಪಿಗೆ ಮುಖಂಡ ಹಾರ್ನ್. ಅಪ್ಪ ಬಸ್ಸಿನ ಚಾಲಕ, ಮಗನ ಗಂಟಲು ಬಸ್ಸಿನದೇ. ಅವನ ಮಂತ್ರಗಳೂ ಹಾಗೇ, ಲೋಟ ಎತ್ತು ಎಂದರೆ ಮೇಜೇ ಎದ್ದುಬಿಡುತ್ತಿತ್ತು.

"ಓಹೋ! ಮಹಾರಾಣಿಯವರು ಕೆಳಗೆ ಇಳಿದು ಬಂದ್ರಲ್ಲ! ಮೆಟ್ಟಿಲು ಕುಸೀತಾ?"

ಎಲ್ಲರೂ ನಕ್ಕರು. ಸೂಜಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ಮೇಷ್ಟ್ರ ಮಾತು, ತನ್ನ ಯೋಚನೆ. "ಪದವಿ ದಿನ ನೀವು ನೀರು ಕೊಡೋಕೆ ಮೊಗಸಾಲೆಯಲ್ಲಿ ನಿಂತಿರ್ತೀರಲ್ಲ, ನಾನು ಮುಂಬಾಗಿಲಿಗೆ ಬರ್ತೀನಿ. ನಿಮ್ಮ ಹೆಸರು ಹೇಳ್ತೀನಿ. ನೀವು ಬಡೀಬೇಕು."

ನಗು ನಿಂತಿತು. ಬಾಗಿಲಿಗೆ ಸುಳ್ಳು ಸಾಕ್ಷಿ ಬಡಿದವರ ಕೈ ಮರಗಟ್ಟಿ ಹಾಗೇ ಉಳಿಯುತ್ತದೆ ಎಂಬ ಹಳೆಯ ಮಾತು ಅವರಿಗೂ ಗೊತ್ತಿತ್ತು. ಮುಂಬಾಗಿಲಿಗೆ ಹೋಗಿ ಸೋತರೆ ಇವಳಿಗೆ ಕಟ್ಟೆಯ ಹತ್ತಿರದ ಪ್ರಮಾಣಪತ್ರವೂ ಇಲ್ಲ.

ಹಾರ್ನ್ ಮೊದಲ ಸಲ ಮೆಲ್ಲಗೆ ಮಾತಾಡಿದ. "ನಿನಗೋಸ್ಕರ ಕೈ ಕೊಡ್ತೀನಿ ಕಣೆ, ಅದಕ್ಕೆ ಹೆದರಿಕೆ ಇಲ್ಲ. ಆದ್ರೆ ಕೇಳಿಸಿಕೊಳ್ಳೋದು ಬಾಗಿಲು. ನೀನು ನಮ್ಮವಳಾ? ನನಗೇ ಗೊತ್ತಿಲ್ಲ."

ಸೂಜಿಯ ಕಣ್ಣು ತುಂಬಿತು. "ನಿಮ್ಮ ಜೊತೆ ಕಂಡರೆ ನಾಚಿಕೆ ಅಂತ ದೂರ ಇದ್ದೆ" ಎಂದಳು. "ಈಗ ಆ ನಾಚಿಕೆಗೇ ನಾಚಿಕೆ ಆಗ್ತಿದೆ."

ಪಕ್ಕದ ಹುಡುಗಿ ಸರಿದು ಜಾಗ ಬಿಟ್ಟಳು. ಅಂದಿನಿಂದ ಪರೀಕ್ಷೆಯವರೆಗೆ ಸೂಜಿಯ ಊಟ, ಓದು, ಜಗಳ ಎಲ್ಲ ಆ ಬೆಂಚಿನ ಮೇಲೆಯೇ. ಹಾರ್ನ್‌ಗೆ ಲೋಟವನ್ನಷ್ಟೇ ಎತ್ತುವುದನ್ನು ಕಲಿಸಲು ಅವಳಿಗೆ ಸಾಕುಸಾಕಾಯಿತು. ಎರಡು ಮೇಜು ಮುರಿದವು. ಅವನು ಅವಳಿಗೆ ಗಟ್ಟಿಯಾಗಿ ನಗುವುದನ್ನು ಕಲಿಸಿದ. ಪ್ರಾಂಶುಪಾಲೆಗೆ ಅವಳು "ನನಗೆ ಅಮ್ಮ ಇದ್ದಾಳೆ ಮೇಡಂ" ಎಂದಷ್ಟೇ ಹೇಳಿ ಬಂದಳು.

ಪದವಿಯ ದಿನ ಬೆಳಗ್ಗೆ ಮುಂಬಾಗಿಲಿನ ಮುಂದೆ ನಿಲುವಂಗಿಗಳ ಸಾಲು. ಸೂಜಿ ಎಲ್ಲರಿಗಿಂತ ಕೊನೆಗೆ ನಿಂತಳು. ಅಮ್ಮ ರಸ್ತೆಯ ಆಚೆ, ತೋಳಿಗೆ ದಾರ ಪೋಣಿಸಿದ ಸೂಜಿ ಸಿಕ್ಕಿಸಿಕೊಂಡು ನಿಂತಿದ್ದಳು. ಯಾರದಾದರೂ ಅಂಚು ಬಿಚ್ಚಿಕೊಂಡರೆ ಹಾಕಿಕೊಡಲು ಬಂದದ್ದು ಎಂದು ಕೇಳಿದವರಿಗೆ ಹೇಳುತ್ತಿದ್ದಳು. ಕಣ್ಣು ಮಾತ್ರ ಮಗಳ ಬೆನ್ನ ಮೇಲೆ. ಮಗಳು ಸಾಕುಮಗಳಾಗಲು ಒಪ್ಪಿಲ್ಲ ಎಂದು ತಿಳಿದಾಗಿನಿಂದ ಅವಳು ಸರಿಯಾಗಿ ಮಾತಾಡಿರಲಿಲ್ಲ. "ಹಟಮಾರಿ, ಕೈಗೆ ಬಂದ ತುತ್ತು ಬಿಸಾಡಿದೆ" ಎಂದು ಗೊಣಗುತ್ತಿದ್ದಳು.

ಮುಂದಿನವರೆಲ್ಲ ತಾತನ, ಅಜ್ಜಿಯ ಹೆಸರು ಹೇಳಿ ದಾಟಿದರು. ಬಾಗಿಲು ಮುಚ್ಚಿತು. ಸೂಜಿ ಎದುರು ನಿಂತಳು. ಅಮ್ಮ ಹೊಲಿದ ನಿಲುವಂಗಿ ಈ ಸಲ ಅವಳ ಮಗಳ ಮೈಮೇಲೇ ಬಾಗಿಲ ಮುಂದೆ ನಿಂತಿತ್ತು.

"ಒಳಗೆ ನಿನಗೆ ಯಾರಿದ್ದಾರೆ?"

"ಹಾರ್ನ್ ಇದ್ದಾನೆ. ಬಸ್ಸಿನ ಚಾಲಕನ ಮಗ. ಅವನ ಜೊತೆಯವರೆಲ್ಲ ಇದ್ದಾರೆ. ಅಡುಗೆಮನೆಯಿಂದ ಬಂದವರು."

ಬಾಗಿಲು ಸುಮ್ಮನಾಯಿತು. ಇಂಥ ಉತ್ತರ ಅದರ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಒಳಗೂ ಸದ್ದಿಲ್ಲ. ಹೆದರಿದರೇನೋ, ಹೆದರಿದರೂ ತಪ್ಪೇನಿಲ್ಲ ಎಂದು ಸೂಜಿ ಅಂದುಕೊಳ್ಳುವಷ್ಟರಲ್ಲಿ ಢಣ್ ಎಂದಿತು. ಹಾರ್ನ್ ಹಿತ್ತಾಳೆಯ ತಟ್ಟೆಯನ್ನು ಕಂಬಕ್ಕೆ ಬಡಿದಿದ್ದ. ಅದರ ಹಿಂದೆಯೇ ಲೋಟಗಳು, ಸೌಟುಗಳು, ಬರಿಗೈಗಳು. ಸಭಾಂಗಣದ ಅತಿಥಿಗಳು ಏನೋ ಕುಸಿಯಿತೆಂದು ಎದ್ದು ನಿಂತರಂತೆ. ಒಬ್ಬರ ಕೈಯೂ ಮರಗಟ್ಟಲಿಲ್ಲ.

ಬಾಗಿಲು ತೆರೆಯಿತು.

ಸೂಜಿ ಒಳಗೆ ಕಾಲಿಟ್ಟಳು. ಹಾರ್ನ್ ತನ್ನ ಐದೂ ಬೆರಳು ಆಡಿಸಿ ತೋರಿಸಿದ, ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. "ಮುಂದಿನ ಸರದಿ ನಂದು, ನೀನು ಬಡೀಬೇಕು" ಎಂದು ಹಿಂದಿನ ಬಾಗಿಲಿಂದ ಸುತ್ತಿ ಬರಲು ಆಗಲೇ ಓಡಿದ. ಪ್ರಾಂಶುಪಾಲೆ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದರು. ಪೀಠಿಕೆ ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಿದ್ದರು. "ನಡಿಯಮ್ಮ, ಕೋಲು ಕಾಯ್ತಿದೆ" ಎಂದರು.

"ಒಂದು ನಿಮಿಷ" ಎಂದ ಸೂಜಿ ಬಾಗಿಲು ಮುಚ್ಚುವ ಮೊದಲೇ ತಿರುಗಿ, ರಸ್ತೆಗೆ ಕೇಳುವಂತೆ, ಹಾರ್ನ್‌ನ ಗಂಟಲಲ್ಲೇ ಕೂಗಿದಳು. "ಅಮ್ಮಾ! ಬಾ!"

ಅಮ್ಮ ಕೈ ಬೀಸಿ ಬೇಡ ಎಂದಳು. ಅಕ್ಕಪಕ್ಕ ನೋಡಿದಳು. ಕೊನೆಗೆ, ಯಾರೋ ಹಿಂದಿನಿಂದ ತಳ್ಳಿದವಳಂತೆ, ರಸ್ತೆ ದಾಟಿ ಬಂದಳು. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತ್ತು. ಒಳಗೆ ಸೂಜಿ ಗೋಡೆಗೆ ಬಡಿಯಲು ಮುಷ್ಟಿಯೆತ್ತಿ ಕಾಯುತ್ತಿದ್ದಳು.

"ಒಳಗೆ ನಿನಗೆ ಯಾರಿದ್ದಾರೆ?"

ಮೊದಲ ಸಲ ಅಳತೆ ತೆಗೆಯಲು ಬಂದಾಗ ಹರೆಯದ ಆ ದರ್ಜಿಯನ್ನು ಬಾಗಿಲು ಇದನ್ನೇ ಕೇಳಿತ್ತು. ಯಾರೂ ಇಲ್ಲಪ್ಪ ಎಂದು ಅಂದು ಹೇಳಿ ಹಿಂದಕ್ಕೆ ಹೋದವಳು ಮತ್ತೆ ಇದರ ಎದುರು ನಿಂತಿರಲಿಲ್ಲ.

"ನನ್ನ ಮಗಳಿದ್ದಾಳೆ" ಎಂದಳು ಅಮ್ಮ.

ಒಳಗಿನಿಂದ ಮುಷ್ಟಿ ಗೋಡೆಗೆ ಬಡಿಯಿತು, ನಿಲ್ಲದೆ ಬಡಿಯಿತು. ಬಾಗಿಲು ಎರಡೂ ಕದ ತೆರೆದುಕೊಂಡು ನಿಂತಿತು. ಅಮ್ಮ ಹೊಸ್ತಿಲು ದಾಟಲಿಲ್ಲ. ತೋಳಿನ ಸೂಜಿ ತೆಗೆದು ಮತ್ತೆ ಸಿಕ್ಕಿಸಿಕೊಂಡಳು, ಕೂದಲು ಸರಿಮಾಡಿಕೊಂಡಳು, ಬಾಗಿಲಿನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಸರಿಯಾಗಿ ಕೇಳಿಸ್ಲಿಲ್ಲ" ಎಂದಳು. "ಇನ್ನೊಂದು ಸಲ ಕೇಳಪ್ಪ."