ಹೆಲ್ಮೆಟ್ ಹೊತ್ತ ಸ್ಟೂಲು

ನಾನು ಒಂದು ಸ್ಟೂಲು. ಹಲ್ಲಿನ ಡಾಕ್ಟರ ಸಹಾಯಕಿ ಕೂರಲೆಂದೇ ಹುಟ್ಟಿದವನು. ಗುಂಡನೆಯ ಮೆತ್ತನೆ ಆಸನ, ಚಕ್ರದ ಕಾಲುಗಳು. ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿನಲ್ಲಿ ನನ್ನ ಜನನ. ನನಗೆ ರೆಕ್ಸಿನ್ ಹೊದಿಸಿದ ಹೆಂಗಸು ದಿನವಿಡೀ ನಿಂತೇ ದುಡಿಯುತ್ತಿದ್ದಳು; ಕೂರುವ ಸಾಮಾನು ಮಾಡುವವರಿಗೆ ಕೂರುವ ಅಪ್ಪಣೆ ಇರಲಿಲ್ಲ. ಕೆಲಸ ಮುಗಿಸಿ ಒಂದು ಗಳಿಗೆ ನನ್ನ ಮೇಲೆ ಕುಳಿತಳು. ಸೂಪರ್‌ವೈಸರ್ ಕಣ್ಣು ಕೆಂಪಗೆ ಮಾಡಿದ. “ಟೆಸ್ಟ್ ಮಾಡ್ತಿದೀನಿ ಸಾರ್” ಎಂದು ನಕ್ಕಳು.

ಲಾರಿ ಹತ್ತಿ ಹುಬ್ಬಳ್ಳಿಯ ಡಾಕ್ಟರ್ ಮಂಟೂರರ ದವಾಖಾನೆಗೆ ಬಂದೆ. ಜೊತೆಗೆ ಬಂದ, ಬೆನ್ನಿಗೆ ಒರಗು ಇದ್ದ ಅಣ್ಣನ ಮೇಲೆ ಡಾಕ್ಟರು ಕುಳಿತರು. ನನ್ನ ಮೇಲೆ ಅವರ ಹೆಲ್ಮೆಟ್ಟು ಕುಳಿತಿತು. ಸಹಾಯಕಿ ಕಸ್ತೂರಿ ನಿಂತೇ ಇದ್ದಳು.

ಕೆಳಗಿರುವ ನಾನು ಜನರನ್ನು ಕಾಲಿನಿಂದಲೇ ಬಲ್ಲೆ. ಬಾಯಲ್ಲಿ ಧೈರ್ಯ ಹೇಳುವ ಪೊಲೀಸ್ ಫೌಜದಾರರ ಕಾಲ್ಬೆರಳು ಕೊರೆಯುವ ಯಂತ್ರದ ಸದ್ದಿಗೆ ಮಡಚಿಕೊಳ್ಳುತ್ತಿದ್ದವು. ಕಸ್ತೂರಿಯ ಕಾಲಿಗೆ ಮಾತ್ರ ಮಡಚಲು ಪುರಸೊತ್ತಿರಲಿಲ್ಲ. ಇಕ್ಕಳ ತೊಳೆದು ಕುದಿಸಬೇಕು, ದೀಪ ತಿರುಗಿಸಬೇಕು, ಕೆನ್ನೆ ಸರಿಸಿ ಜೊಲ್ಲು ಹೀರುವ ನಳಿಗೆ ಹಿಡಿಯಬೇಕು, ಹಲ್ಲಿನ ತೂತಿಗೆ ತುಂಬುವ ಸಿಮೆಂಟು ಕಲಸಬೇಕು, ಅಳುವವರ ಭುಜ ಸವರಬೇಕು. ಸಂಜೆಗೆ ಅವಳ ಪಾದ ಉಬ್ಬಿ ಚಪ್ಪಲಿ ಹಿಡಿಯುತ್ತಿರಲಿಲ್ಲ.

“ಸರ್, ಈ ತಿಂಗಳು ಮುಗಿಸಿ ನೌಕರಿ ಬಿಡ್ತೇನ್ರಿ. ಕೆಲಸ ಚಲೋ ಐತಿ, ಕಾಲು ಕೇಳವಲ್ವು” ಎಂದಳು ಒಂದು ದಿನ.

“ನಡುವ ನಡುವ ಅಡ್ಡಾಡವಾ, ಹಗುರಾಗ್ತೈತಿ” ಎಂದರು ಡಾಕ್ಟರು, ಕುಳಿತಲ್ಲಿಂದಲೇ.

ಆ ವಾರವೇ ದ್ಯಾಮವ್ವ ಬಂದಳು. ನೂಲಿನ ಗಿರಣಿಯಲ್ಲಿ ದುಡಿದು, ಮುಷ್ಕರಗಳಲ್ಲಿ ಮುಂದೆ ನಿಂತು, ಈಗ ದವಡೆ ಹಲ್ಲಿನ ತೂತಿಗೆ ಶರಣಾದವಳು. ಹಲ್ಲು ಕೊರೆದಾಯಿತು. ಬಾಯಿ ಮುಕ್ಕಳಿಸಿ ಉಗುಳಿದವಳೇ ಕಸ್ತೂರಿಯ ಪಾದ ನೋಡಿದಳು.

“ಯಾಕ ತಂಗಿ, ಕುಂದ್ರಂಗಿಲ್ಲನು?”

“ಪೇಷಂಟ್ ಮುಂದ ಕುಂತ್ರ ಮರ್ಯಾದಿ ಅಲ್ರಿ ಯವ್ವಾ” ಎಂದರು ಡಾಕ್ಟರು.

“ಹೌದನು! ನಾ ಮಲಗೀನಿ, ನೀವು ಕುಂತೀರಿ, ನಿಮ್ಮ ಟೊಪ್ಪಿಗೀನೂ ಕುಂತೈತಿ. ಮರ್ಯಾದಿ ಈಕಿ ಒಬ್ಬಾಕೀನ ಹೊರಬೇಕನು?”

ಡಾಕ್ಟರು ಕೇಳಿಸದವರಂತೆ, “ಕಸ್ತೂರಿ, ಸಿಮೆಂಟ್” ಎಂದರು. ಕಸ್ತೂರಿ ಅದನ್ನು ಗಾಜಿನ ಹಲಗೆಯ ಮೇಲೆ ಕಲಸಿ ಮುಂದೆ ಹಿಡಿದಳು. ದ್ಯಾಮವ್ವ ತುಟಿ ಬಿಗಿದಳು.

“ಬಾಯಿ ತಗೀರಿ” ಎಂದರು ಡಾಕ್ಟರು.

ತೆಗೆಯಲಿಲ್ಲ.

“ಯವ್ವಾ, ಗಟ್ಟಿ ಆಗ್ತೈತ್ರಿ ಇದು! ಆ ಅನ್ರಿ!”

ದ್ಯಾಮವ್ವ ಒಂದು ಬೆರಳು ನನ್ನತ್ತ ತೋರಿಸಿದಳು, ಇನ್ನೊಂದನ್ನು ಕಸ್ತೂರಿಯತ್ತ. ಸಿಮೆಂಟು ಬಿಗಿಯತೊಡಗಿತು. ಡಾಕ್ಟರ ಹಣೆ ಬೆವರಿತು. ಕಸ್ತೂರಿ ಮಾಸ್ಕಿನೊಳಗೆ ನಗುತ್ತಿದ್ದಳು. ಅವಳ ಕಾಲು ಅಲುಗುತ್ತಿದ್ದುದರಿಂದ ನನಗದು ತಿಳಿಯಿತು. ಜಗತ್ತಿನ ಮುಷ್ಕರಗಳೆಲ್ಲ ಬಾಯಿ ತೆರೆದು ನಡೆಯುತ್ತವಂತೆ. ಇದು ಬಾಯಿ ಮುಚ್ಚಿ ನಡೆಯಿತು.

ಕೊನೆಗೆ ಡಾಕ್ಟರೇ ಎದ್ದು ಹೆಲ್ಮೆಟ್ಟನ್ನು ನೆಲಕ್ಕಿಟ್ಟು, “ಕುಂದ್ರವಾ ತಾಯಿ, ಕುಂತು ಇನ್ನೊಮ್ಮೆ ಕಲಸು” ಎಂದರು.

ಕಸ್ತೂರಿ ಕುಳಿತಳು. ನಾನು ಉಸ್ಸೆಂದು ಎರಡು ಬೆರಳು ಇಳಿದೆ. ದ್ಯಾಮವ್ವ ಗುಹೆಯಷ್ಟು ಅಗಲಕ್ಕೆ ಬಾಯಿ ತೆರೆದಳು.

ಕಸ್ತೂರಿ ಕೆಲಸ ಬಿಡಲಿಲ್ಲ. ವರ್ಷಗಟ್ಟಲೆ ನನ್ನ ಮೇಲೆ ಕುಳಿತೇ ಊರಿನ ಹಲ್ಲು ಕಾಯ್ದಳು. ಕೂತು ಕೂತು ನನ್ನ ರೆಕ್ಸಿನ್ ಹರಿಯಿತು, ಒಂದು ಚಕ್ರ ಮುರಿಯಿತು. ಮೊನ್ನೆ ಹೊಸ ಸ್ಟೂಲು ಬಂದಾಗ ಗುಜರಿಯವನು ನನ್ನ ಕಾಲು ಹಿಡಿದೆತ್ತಿದ.

“ಅದನ್ನ ಇಳಸ್ರಿ. ಕೆಳಗ ಔಷಧಿ ಅಂಗಡ್ಯಾಗ ಕೆಲಸ ಮಾಡೋ ಬೀಬಿಜಾನ್ ಮುಂಜಾನಿಂದ ನಿಂತಾಳ” ಎಂದಳು ಕಸ್ತೂರಿ. ತಾನೇ ನನ್ನನ್ನು ಸೊಂಟಕ್ಕಿಟ್ಟುಕೊಂಡು ಮೆಟ್ಟಿಲಿಳಿದಳು.

ಈಗ ಕೌಂಟರಿನ ಹಿಂದೆ, ಸಿರಪ್ ಡಬ್ಬಿಗಳ ಮೂಲೆಯಲ್ಲಿ ನನ್ನ ಮುಪ್ಪು. ಕುಂಟುತ್ತೇನೆ, ಮುರಿದ ಚಕ್ರದ ಕೆಳಗೆ ರಟ್ಟು ಮಡಚಿ ಇಟ್ಟಿದ್ದಾರೆ. ಮೊದಲ ದಿನ ಅಂಗಡಿ ಮಾಲಕ ಹುಬ್ಬು ಗಂಟಿಕ್ಕಿ, “ಏನಿದು ಹೊಸಾದು?” ಎಂದ.

“ಸ್ಟೂಲ್ ರೀ” ಎಂದಳು ಬೀಬಿಜಾನ್, ಕುಳಿತೇ.