ಇಪ್ಪತ್ತು ಮರಗಳ ಚೀಟಿ

ಬಕೆಟ್ಟಿಗೆ ಸುರಿದ ಬೀಜವೆಲ್ಲ ತೇಲಿತು. ಮಗಳು ನೀರನ್ನು ಕೈಯಿಂದ ಕಲಕಿ ಇನ್ನೊಮ್ಮೆ ಕಾದಳು. ಗಟ್ಟಿ ಬೀಜ ಮುಳುಗಬೇಕು, ಜೊಳ್ಳು ತೇಲಬೇಕು. ತಳದಲ್ಲಿ ಒಂದೇ ಒಂದೂ ಇರಲಿಲ್ಲ.

"ಈ ವರ್ಷಾನೂ ಕೈಕೊಟ್ಟವಮ್ಮಾ," ಎಂದಳು.

ಎರಡು ತಿಂಗಳು ಏಣಿಯ ಮೇಲೆ ನಿಂತು, ಒಂದು ಮರದ ಹೂಪುಡಿಯನ್ನು ಇನ್ನೊಂದು ಮರದ ಹೂವಿಗೆ ಕುಂಚದಿಂದ ಮುಟ್ಟಿಸಿ, ಗೊಂಚಲು ಗೊಂಚಲಿಗೂ ಬಟ್ಟೆಚೀಲ ಕಟ್ಟಿದ್ದಳು. ಅವಳ ಕತ್ತು ಇನ್ನೂ ಸರಿಯಾಗಿ ತಿರುಗುತ್ತಿರಲಿಲ್ಲ. ಇದು ಮೂರನೇ ವರ್ಷ.

ತಾಯಿ ನರ್ಸರಿಯ ಕಟ್ಟೆಯ ಮೇಲೆ ಕೂತು ಚೀಟಿ ಬರೆಯುತ್ತಿದ್ದಳು. ಎಲ್ಲರೂ ಅವಳನ್ನು ಬೀಜದಕ್ಕ ಎಂದೇ ಕರೆಯುವುದು. ಕಾಡಿನಿಂದ ಬಂದ ಪ್ರತಿ ಚೀಲಕ್ಕೂ ಮರದ ನಂಬರು ಬರೆದು ಕಟ್ಟುವುದು ಅವಳ ಕೆಲಸ. ಅಂಕಿಗಳು ಅಚ್ಚು ಹಾಕಿದಂತಿರುತ್ತಿದ್ದವು. ನರ್ಸರಿಯಲ್ಲಿ ಆ ಪೆನ್ಸಿಲ್ಲನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಹದಿನೇಳು ವರ್ಷದ ಹಿಂದೆ ಈ ಜಾತಿಯ ಮರಗಳು ಕಾಡಿನಲ್ಲಿ ಇಪ್ಪತ್ತೇ ಉಳಿದಿದ್ದವು. ಇಪ್ಪತ್ತರಿಂದಲೂ ಬೀಜ ತಂದವಳು ಅವಳೇ ಎನ್ನುವುದು ಎಲ್ಲರ ಬಾಯಲ್ಲಿತ್ತು. ಆ ಸಸಿಗಳೇ ಬೆಳೆದು ನರ್ಸರಿಯ ಹಿಂದಿನ ಇಳಿಜಾರಿನಲ್ಲಿ ತೋಪಾಗಿ ನಿಂತಿದ್ದವು. ಕಾಡಿಗೆ ಮತ್ತೆ ಬೀಜ ಕೊಡಬೇಕಾದ ತೋಪು.

ಗೇಟಿನ ಸದ್ದಾಯಿತು. ಬಂದವರು ಲ್ಯಾಬಿನವರು. ಬಂದಾಗಲೆಲ್ಲ ಎಲೆ ಕಿತ್ತುಕೊಂಡು ಹೋಗುತ್ತಾರೆಂದು ಮಗಳು ಅವರಿಗೆ 'ಎಲೆ ಡಾಕ್ಟ್ರು' ಎಂದು ಹೆಸರಿಟ್ಟಿದ್ದಳು.

"ಏನ್ ಡಾಕ್ಟ್ರೇ, ನಮ್ಮ ಮರಗಳಿಗೆ ಜ್ವರ ಇಳೀತಾ?"

ಅವರು ನಗಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಮಡಚಿದರು, ಬಿಚ್ಚಿದರು. "ಅಕ್ಕಾ, ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ತೋಪಿನಲ್ಲಿ ಇಪ್ಪತ್ತು ತಾಯಂದಿರ ಮಕ್ಕಳು ಇರಬೇಕಿತ್ತಲ್ಲ? ಪರೀಕ್ಷೆ ಮಾಡಿದ್ರೆ ಎಲ್ಲಾ ಒಂದೇ ಹೊಟ್ಟೇಲಿ ಹುಟ್ಟಿದ ಹಾಗೆ ಬರ್ತಿದೆ. ಒಡಹುಟ್ಟಿದವು ತಮ್ಮತಮ್ಮಲ್ಲೇ ಕೂಡಿದ್ರೆ ಈ ಜಾತಿ ಕಾಯಿ ಏನೋ ಬಿಡುತ್ತೆ, ಒಳಗೆ ತಿರುಳು ಕಟ್ಟಲ್ಲ."

"ನಿಮ್ಮ ಮಿಷನ್ ತೂಕಡಿಸಿರ್ಬೇಕು," ಎಂದಳು ಮಗಳು. "ಅಮ್ಮ ಇಪ್ಪತ್ತೂ ಮರ ಹತ್ತಿದ್ದಾಳೆ. ಹನ್ನೊಂದನೇ ಮರದಲ್ಲಿ ಜೇನುಹುಳ ಮುತ್ತಿಕೊಂಡ ಕತೆ ಕೇಳದೆ ನಾನು ಚಿಕ್ಕವಳಿದ್ದಾಗ ಊಟಾನೇ ಮಾಡ್ತಿರ್ಲಿಲ್ಲ. ಅಲ್ವೇನಮ್ಮಾ?"

ತಾಯಿಯ ಕೈಯಲ್ಲಿ ಪೆನ್ಸಿಲ್ ಮುರಿಯಿತು. ಅವಳು ಅದರ ಮೊನೆಯನ್ನೇ ನೋಡುತ್ತಿದ್ದಳು.

"ನಮ್ಮ ಕಡೆಯೇ ತಪ್ಪಾಗಿರ್ಬೇಕು," ಎಂದರು ಎಲೆ ಡಾಕ್ಟ್ರು. "ಎಲೆ ಅದಲುಬದಲಾಗಿದೆ ಅಂತ ಬರೆದು ಮುಗಿಸ್ತೀನಿ. ನೀನು ಮುಂದಿನ ವರ್ಷ ಇನ್ನೊಂದು ಸಲ ಕುಂಚ ಹಿಡಿ, ನೋಡೋಣ."

ಮಗಳು ಹೂಂ ಎಂದು ಕತ್ತು ತಿರುಗಿಸಲು ಹೋಗಿ, ನೋವಿಗೆ ಮುಖ ಕಿವುಚಿದಳು.

ಹದಿನೇಳು ವರ್ಷದ ಹಿಂದೆ, ಅಂದು, ರಸ್ತೆ ಪಕ್ಕದ ಮರ ಕಾಯಿಯ ಭಾರಕ್ಕೆ ಬಾಗಿತ್ತು. ಎರಡನೇ ಮರಕ್ಕೆ ಎರಡು ಗಂಟೆಯ ದಾರಿ. ನಾಲ್ಕಕ್ಕೆ ಶಾಲೆ ಬಿಡುತ್ತಿತ್ತು. ಹಿಂದಿನ ದಿನ ಶಾಲೆಯ ಗೇಟಿನ ಕಂಬಿ ಹಿಡಿದು ಕತ್ತಲಾಗುವವರೆಗೂ ಒಬ್ಬಳೇ ನಿಂತಿದ್ದ ಮಗಳಿಗೆ ಆಗ ಐದು ವರ್ಷ. ನಾಳೆ ಹೋದರಾಯಿತು ಎಂದುಕೊಂಡಳು ತಾಯಿ. ಮರುದಿನವೂ ಹಾಗೆಯೇ ಅಂದುಕೊಂಡಳು. ವಾರ ಕಳೆಯುವಷ್ಟರಲ್ಲಿ ಕಾಡಿನ ಕಾಯಿಗಳೆಲ್ಲ ಒಡೆದು ಉದುರಿದ್ದವು. ಆ ಒಂದೇ ಮರದ ಕೆಳಗೆ ಕೂತು, ಒಂದೇ ರಾಶಿಯನ್ನು ಇಪ್ಪತ್ತು ಪಾಲು ಮಾಡಿ, ಇಪ್ಪತ್ತು ಚೀಟಿ ಬರೆದಿದ್ದಳು. ಎಂದಿಗಿಂತ ಅಂದವಾಗಿ.

"ಹತ್ತಿಲ್ಲ," ಎಂದಳು ತಾಯಿ.

"ಏನಮ್ಮಾ?"

"ಇಪ್ಪತ್ತು ಮರ ಹತ್ತಿಲ್ಲ. ರಸ್ತೆ ಪಕ್ಕದ್ದು ಒಂದೇ. ಅದನ್ನೇ ಹಂಚಿದೆ. ನೀನಾಗ..." ಎಂದವಳು ಅಲ್ಲಿಗೇ ನುಂಗಿಕೊಂಡಳು. ಆ ಮಾತು ಮುಗಿಸಿದರೆ ತಪ್ಪು ಐದು ವರ್ಷದ ಮಗುವಿನ ತಲೆಗೆ ಹೋಗುತ್ತಿತ್ತು.

"ಮತ್ತೆ ಜೇನುಹುಳ?"

"ಅದೂ ಇಲ್ಲ."

ಎಲೆ ಡಾಕ್ಟ್ರು ತಮ್ಮ ಚಪ್ಪಲಿ ನೋಡುತ್ತಾ ನಿಂತರು. "ಕಾಡಿನಲ್ಲಿ ಈಗ ಏಳು ಉಳಿದಿವೆ," ಎಂದರು ಕೊನೆಗೆ, ಯಾರಿಗೂ ಅಲ್ಲದಂತೆ. "ಕಾಯಿ ಒಡೆಯೋಕೆ ಇನ್ನೊಂದು ನಾಲ್ಕು ದಿನ ಇರಬಹುದು."

ಮಗಳು ಬಕೆಟ್ ಎತ್ತಿಕೊಂಡು ಹೋಗಿ ಗೊಬ್ಬರದ ಗುಂಡಿಗೆ ಸುರಿದಳು.

ಮರುದಿನ ಬೆಳಿಗ್ಗೆ ಇಬ್ಬರೂ ಕಾಡಿಗೆ ಹೊರಟರು. ಮಗಳು ಹಗ್ಗವನ್ನು ಹೆಗಲಿಗೇರಿಸಿ ಹತ್ತು ಹೆಜ್ಜೆ ಮುಂದೆಯೇ ನಡೆದಳು. ದಾರಿ ಕವಲೊಡೆದಲ್ಲೆಲ್ಲ ನಿಂತು ಕಾದಳು, ತಾಯಿ ಹತ್ತಿರ ಬರುತ್ತಿದ್ದಂತೆ ಮತ್ತೆ ನಡೆದಳು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಹನ್ನೊಂದನೇ ಮರ ಸಿಕ್ಕಿತು. ಕಾಂಡಕ್ಕೆ ಹೊಡೆದಿದ್ದ ತಗಡಿನ ಬಿಲ್ಲೆಯನ್ನು ತೊಗಟೆ ಅರ್ಧ ನುಂಗಿತ್ತು. ತಾಯಿ ಆ ಮರವನ್ನು ನೋಡುತ್ತಿದ್ದುದು ಅದೇ ಮೊದಲು.

ಮಗಳು ಹತ್ತಿದಳು. ಬಹಳ ಹೊತ್ತು ಎಲೆಗಳ ಸದ್ದಷ್ಟೇ ಕೇಳಿಸಿತು. ಆಮೇಲೆ ಮೇಲಿನಿಂದ ದನಿ ಬಂತು.

"ಇಲ್ಲಿ ಜೇನೂ ಇಲ್ಲ, ಏನೂ ಇಲ್ಲ."

ತಾಯಿ ಹಗ್ಗದಲ್ಲಿ ಇಳಿದುಬಂದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಭಾರವಾಗಿತ್ತು. ಕೆಳಗಿಟ್ಟು, ಹೊಸದಾಗಿ ಚೂಪು ಮಾಡಿದ್ದ ಪೆನ್ಸಿಲ್ ತೆಗೆದು, ಚೀಟಿಗೆಂದು ಕೈಚಾಚಿದಳು.

ಇಳಿದು ಬಂದ ಮಗಳು ಆಗಲೇ ಮರದ ಮುಂದೆ ನಿಂತಿದ್ದಳು. ಬಿಲ್ಲೆಯ ಮೇಲಿನ ಪಾಚಿಯನ್ನು ಹೆಬ್ಬೆರಳಿನಿಂದ ಉಜ್ಜಿ ನಂಬರು ಓದಿದಳು. ಜೇಬಿನಿಂದ ತನ್ನದೇ ಒಂದು ಪೆನ್ಸಿಲ್ ತುಂಡು ತೆಗೆದು, ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದಳು. 11ರ ಎರಡು ಗೀಟುಗಳೂ ಸೊಟ್ಟಗೆ ಬಂದವು.

ಅವಳು ಗಂಟು ಹಾಕುವಾಗ ಚೀಲದ ಬಾಯಿಯನ್ನು ತಾಯಿ ಬಿಗಿಯಾಗಿ ಹಿಡಿದುಕೊಂಡಳು.